ಕದಕ್ಕೆ ಬೀಗದ ಅಗಳಿ



ಬಾಗಿಲಿನ ಕೆಲಸ ಎರಡು ಬಗೆಯದು. ಬರತಕ್ಕವರನ್ನು ಒಳಕ್ಕೆ ಬಿಡುವುದು ಒಂದು. ಬರಬಾರದವರನ್ನು ಹೊರಗೆ ನಿಲ್ಲಿಸುವುದು ಇನ್ನೊಂದು. ಈ ಎರಡನೆಯ ಕೆಲಸಕ್ಕಾಗಿ ಈಚೆಗೆ ನಮ್ಮ ಪೇಟೆಗಳಲ್ಲಿ ಹೇರಳವಾಗಿ ದೊರೆಯುತ್ತಿರುವ ಒಂದು ಸಾಧನವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಅಂಗಡಿಯವರು ಅದನ್ನು ಡೆಡ್‌ಬೋಲ್ಟ್ ಎಂದು ಕರೆಯುತ್ತಾರೆ. ನಾವು ಈ ಭಾಷಣದಲ್ಲಿ ಅದನ್ನು ಬೀಗದ ಅಗಳಿ ಎನ್ನುತ್ತೇವೆ. ಹಾಗೆನ್ನುವುದಕ್ಕೆ ಕಾರಣವೇನೆಂಬುದು ಮುಂದೆ ತಿಳಿಯುವುದು.

ಇದು ಬಡಗಿಗಳ ವಿಷಯ, ಓದುಬರಹ ಬಲ್ಲ ಪಟ್ಟಣವಾಸಿಗಳಿಗೆ ಇದರಿಂದೇನು ಎಂದು ತಾವು ಕೇಳಬಹುದು. ತಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಹಿರಿಯರ ಕಾಲದ ಮನೆಯೊಂದು ಇರುವುದುಂಟು. ಆ ಮನೆಯಲ್ಲಿ ವಯಸ್ಸಾದ ತಾಯಿಯೋ ಅತ್ತೆಯೋ ದೊಡ್ಡಪ್ಪನೋ ಒಬ್ಬರೇ ಇರುವುದೂ ಉಂಟು. ನಾವು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಉದ್ಯೋಗದಲ್ಲಿದ್ದುಕೊಂಡು, ರಾತ್ರಿಯ ಹೊತ್ತು ಅವರ ನೆನಪಾದಾಗ, ಒಂದು ಒಳ್ಳೆಯ ಬೀಗ ಹಾಕಿಸಿಬಿಟ್ಟರೆ ನೆಮ್ಮದಿ ಎಂದುಕೊಳ್ಳುತ್ತೇವೆ. ಅಂತಹ ನೆಮ್ಮದಿಯನ್ನು ನಾವೂ ಹಣ ಕೊಟ್ಟು ತಂದೆವು. ನಮ್ಮ ಕೈಯಿಂದಲೇ ಅದನ್ನು ಕದಕ್ಕೆ ಕೂಡಿಸಿದೆವು. ಎಂಟು ತಿಂಗಳು ಅದನ್ನು ನಂಬಿದೆವು. ಆ ನಂಬಿಕೆ ಹುಸಿಯಾದ ಬಗೆಯನ್ನೂ, ತರುವಾಯ ಅದನ್ನು ಸರಿಪಡಿಸಿದ ಕ್ರಮವನ್ನೂ ತಮ್ಮ ಮುಂದಿಟ್ಟರೆ ತಮಗೆ ಉಪಯೋಗವಾದೀತೆಂದು ನಮ್ಮ ಎಣಿಕೆ.

ಕಡೂರು ತಾಲ್ಲೂಕಿನ ಯಗಟಿಯನ್ನು ತಮ್ಮಲ್ಲಿ ಕೆಲವರಾದರೂ ಬಲ್ಲಿರಿ. ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ಕಾಫಿಯ ತೋಟಗಳೂ ಬೆಟ್ಟದ ಮಂಜೂ ಕಣ್ಣಿಗೆ ಕಟ್ಟುವುದು ಸಹಜ. ಯಗಟಿ ಆ ಸೀಮೆಗೆ ಸೇರಿದುದಲ್ಲ. ಅದು ಪಶ್ಚಿಮಘಟ್ಟದ ಮಳೆಯ ನೆರಳಿನಲ್ಲಿರುವ ಬಯಲುಸೀಮೆ; ತೆಂಗು ರಾಗಿಗಳ ನಾಡು. ಫಾಲ್ಗುಣ ಚೈತ್ರಗಳ ಒಣಗಾಳಿಗೆ ಅಲ್ಲಿಯ ಮರಮುಟ್ಟುಗಳು ಬಿರುಕು ಬಿಡುತ್ತವೆ; ಆಶ್ವಯುಜದ ಮಳೆ ನಾಲ್ಕು ದಿನ ಹಿಡಿಯಿತೆಂದರೆ ಅದೇ ಮರಗಳು ಊದಿಕೊಳ್ಳುತ್ತವೆ. ಈ ಮಾತನ್ನು ತಾವು ನೆನಪಿನಲ್ಲಿಟ್ಟಿರಬೇಕು. ನಮ್ಮ ಕಥೆಯ ಬಹುಭಾಗ ಇದರ ಮೇಲೆಯೇ ನಿಂತಿದೆ.

ಆ ಊರಿನಲ್ಲಿ ನಮ್ಮ ಸೋದರತ್ತೆಯವರೊಬ್ಬರು ಇದ್ದಾರೆ. ಎಪ್ಪತ್ತು ದಾಟಿದ ವಯಸ್ಸು. ಮಕ್ಕಳು ದೂರದಲ್ಲಿದ್ದಾರೆ. ಮನೆ ಹಳೆಯದು, ದಪ್ಪ ಗೋಡೆ, ಬೀದಿಯ ಕಡೆಗೆ ಒಂಟಿ ಕದದ ತೇಗದ ಬಾಗಿಲು. ಆ ಬಾಗಿಲಿಗೆ ಒಳಗಡೆ ಹಿಂದಿನ ಕಾಲದ ಮರದ ಅಗಳಿಯೊಂದಿತ್ತು. ಅಗಳಿಯನ್ನು ಕಾಣದ ಎಳೆಯರಿಗಾಗಿ ಅದರ ರಚನೆಯನ್ನು ಹೇಳಬೇಕು. ಬಾಗಿಲಿನ ಒಂದು ಪಕ್ಕದ ಗೋಡೆಯೊಳಗೆ ಉದ್ದನೆಯ ಪೊಳ್ಳು ಬಿಟ್ಟಿರುತ್ತಾರೆ. ತೋಳು ದಪ್ಪದ ಒಂದು ತೊಲೆ ಹಗಲೆಲ್ಲ ಆ ಪೊಳ್ಳಿನಲ್ಲಿ ಅಡಗಿರುತ್ತದೆ. ರಾತ್ರಿ ಕದ ಮುಚ್ಚಿದ ಮೇಲೆ ಅದನ್ನು ಎಳೆದು, ಕದದ ಅಡ್ಡಕ್ಕೆ ಹಾಯಿಸಿ, ಎದುರು ಗೋಡೆಯ ಗುಳಿಯೊಳಕ್ಕೆ ನೂಕುತ್ತಾರೆ. ಹೊರಗಿನಿಂದ ಯಾರಾದರೂ ಕದವನ್ನು ಒದ್ದರೆ ಆ ಪೆಟ್ಟು ಕದದಿಂದ ಅಗಳಿಗೆ, ಅಗಳಿಯಿಂದ ಎರಡು ಪಕ್ಕದ ಗೋಡೆಗಳಿಗೆ ಹೋಗಿ ಸೇರುತ್ತದೆ. ಕಳ್ಳನು ಒಂದು ಹಲಗೆಯೊಡನೆ ಸೆಣಸಿದರೆ ಸಾಲದು, ಮನೆಯ ಗೋಡೆಯೊಡನೆ ಸೆಣಸಬೇಕು.

ಹೀಗಿದ್ದರೂ ಅಗಳಿಗೆ ಎರಡು ಕೊರತೆಗಳುಂಟು. ಒಂದನೆಯದಾಗಿ, ಅದನ್ನು ಒಳಗಿನಿಂದ ಮಾತ್ರ ಹಾಕಬಹುದು. ಮನೆಯವರು ಹೊರಗೆ ಹೋಗುವಾಗ ಕೊಂಡಿಗೆ ಬೀಗ ಜಡಿಯಲೇಬೇಕು. ಹಾಗೆ ತೂಗಾಡುವ ಬೀಗವು, ಒಳಗೆ ಯಾರೂ ಇಲ್ಲವೆಂದು ಬೀದಿಗೆಲ್ಲ ಸಾರುತ್ತಿರುತ್ತದೆ. ಎರಡನೆಯದಾಗಿ, ಅದನ್ನು ಎಳೆಯುವುದಕ್ಕೆ ತೋಳಿನಲ್ಲಿ ಕಸುವು ಬೇಕು. ಅತ್ತೆಯವರಿಗೆ ಆ ಕಸುವು ಕಡಮೆಯಾಯಿತು. ಮಳೆಗಾಲದಲ್ಲಿ ಅಗಳಿ ಗೋಡೆಯಿಂದ ಹೊರಕ್ಕೇ ಬಾರದು. ಬರಬರುತ್ತ ಅವರು ಚಿಲಕವೊಂದನ್ನೇ ಹಾಕಿಕೊಂಡು ಮಲಗಲು ಮೊದಲುಮಾಡಿದರು. ಇದು ನಮಗೆ ತಿಳಿದು, ಬೀಗದ ಅಗಳಿಯೊಂದನ್ನು ಕೊಂಡುಕೊಂಡು ಒಂದು ಫಾಲ್ಗುಣ ಮಾಸದಲ್ಲಿ ಯಗಟಿಗೆ ಹೋದೆವು.

ಈಗ ಆ ಸಾಧನದ ಪರಿಚಯವನ್ನು ಸ್ವಲ್ಪ ಮಾಡಿಕೊಡಬೇಕು. ಕದವನ್ನು ಎಳೆದುಕೊಂಡರೆ ತಾನಾಗಿ ಕೂಡಿಕೊಳ್ಳುವ ಬೀಗಗಳನ್ನು ತಾವು ನೋಡಿರುತ್ತೀರಿ. ಅವುಗಳ ನಾಲಗೆಯ ಹಿಂದೆ ಸುರುಳಿಯೊಂದಿರುತ್ತದೆ. ನಾಲಗೆಯ ತುದಿ ಓರೆಯಾಗಿರುತ್ತದೆ. ಅನುಕೂಲವೇನೋ ಉಂಟು. ಆದರೆ ಸಂದಿನಲ್ಲಿ ತೆಳುವಾದ ತಗಡೊಂದನ್ನು ತೂರಿಸಿ ಒತ್ತಿದರೆ ಆ ಓರೆಯ ನಾಲಗೆ ಹಿಂದಕ್ಕೆ ಸರಿಯುವುದೂ ಉಂಟು. ಬೀಗದ ಅಗಳಿಯಲ್ಲಿ ಸುರುಳಿಯಿಲ್ಲ. ಅದರ ನಾಲಗೆ ಚೌಕವಾದ ತುದಿಯುಳ್ಳ, ಸುಮಾರು 1 ಅಂಗುಲ ಹೊರಚಾಚುವ ಉಕ್ಕಿನ ಅಥವಾ ಹಿತ್ತಾಳೆಯ ತುಂಡು. ಬೀಗದ ಕೈಯನ್ನೋ ಒಳಗಡೆಯ ಕಿವಿಯನ್ನೋ ತಿರುಗಿಸಿದ ಹೊರತು ಅದು ಕದಲುವುದಿಲ್ಲ. ನಮ್ಮ ಹಳೆಯ ಅಗಳಿಯ ಧರ್ಮವೂ ಇದೇ ಅಲ್ಲವೆ? ಕೈಯಿಂದ ಸರಿಸಿದರೆ ಸರಿಯುವುದು, ಇಲ್ಲದಿದ್ದರೆ ಇದ್ದಲ್ಲಿಯೇ ಇರುವುದು. ಅದಕ್ಕಾಗಿಯೇ ನಾವು ಇದನ್ನು ಬೀಗದ ಅಗಳಿಯೆಂದು ಕರೆದದ್ದು.

ಇದರ ಹೊಟ್ಟೆಯಲ್ಲಿರುವ ಬೀಗದ ತತ್ವ ಬಹಳ ಹಳೆಯದು. ಪ್ರಾಚೀನ ಈಜಿಪ್ಟಿನಲ್ಲಿ ಮರದ ಗೂಟಗಳುಳ್ಳ ಬೀಗಗಳಿದ್ದವು. ಹಲ್ಲುಗಳುಳ್ಳ ಮರದ ಕೈಯಿಂದ ಆ ಗೂಟಗಳನ್ನು ಎತ್ತಿದರೆ ಅಗಳಿ ಸರಿಯುತ್ತಿತ್ತು. ಅದೇ ತತ್ವವನ್ನು ಅಮೆರಿಕದ ಲೈನಸ್ ಯೇಲ್ ಎಂಬ ಹೆಸರಿನ ತಂದೆ ಮಗ ಇಬ್ಬರೂ ಲೋಹದಲ್ಲಿ ತಂದರು. ತಂದೆಯ ಬೀಗ 1848ರದು. ಮಗನು 1860ರ ದಶಕದಲ್ಲಿ ಅದನ್ನು ಸುಧಾರಿಸಿ, ನಾವು ಇಂದು ಜೇಬಿನಲ್ಲಿಟ್ಟುಕೊಳ್ಳುವ ಚಪ್ಪಟೆಯಾದ ಚಿಕ್ಕ ಬೀಗದ ಕೈಯನ್ನು ರೂಢಿಗೆ ತಂದನು. ಹಿತ್ತಾಳೆಯ ಕೊಳವೆಯೊಳಗೆ ಐದೋ ಆರೋ ಜೋಡಿ ಸಣ್ಣ ಕಡ್ಡಿಗಳು ಸುರುಳಿಗಳ ಒತ್ತಡದಲ್ಲಿ ನಿಂತಿರುತ್ತವೆ. ಸರಿಯಾದ ಕೈ ಒಳಹೊಕ್ಕಾಗ ಅದರ ಏರುತಗ್ಗುಗಳು ಆ ಕಡ್ಡಿಗಳ ಸಂದುಗಳನ್ನೆಲ್ಲ ಒಂದೇ ಗೆರೆಗೆ ತರುತ್ತವೆ. ಆಗ ಕೊಳವೆ ತಿರುಗುತ್ತದೆ. ಒಂದು ಕಡ್ಡಿ ತಪ್ಪಿದರೂ ತಿರುಗದು. ನಮ್ಮ ದೇಶದಲ್ಲಿ ಅರ್ದೇಶಿರ್ ಗೋದ್ರೆಜ್ ಅವರು 1897ರಲ್ಲಿ ಮುಂಬಯಿಯಲ್ಲಿ ಬೀಗದ ಕೈಗಾರಿಕೆಯನ್ನು ಆರಂಭಿಸಿದರು. ಉತ್ತರದಲ್ಲಿ ಅಲಿಗಢವೂ ತಮಿಳುನಾಡಿನಲ್ಲಿ ದಿಂಡಿಗಲ್ಲೂ ಬೀಗಗಳಿಗೆ ಹೆಸರಾದ ಊರುಗಳು.

ಬೀಗದ ಚರಿತ್ರೆಯಲ್ಲಿ ಒಂದು ಸ್ವಾರಸ್ಯವಾದ ಪ್ರಸಂಗವುಂಟು. ಲಂಡನ್ನಿನಲ್ಲಿ ಬ್ರಾಮಾ ಎಂಬವರ ಕಂಪನಿಯವರು ತಮ್ಮ ಬೀಗವೊಂದನ್ನು ಅಂಗಡಿಯ ಗಾಜಿನ ಹಿಂದಿಟ್ಟು, ಅದನ್ನು ಕೈಯಿಲ್ಲದೆ ತೆರೆದವರಿಗೆ 200 ಗಿನಿಗಳ ಬಹುಮಾನವೆಂದು ಸಾರಿದ್ದರು. ದಶಕಗಳು ಕಳೆದರೂ ಅದನ್ನು ಯಾರೂ ತೆರೆಯಲಾಗಲಿಲ್ಲ. 1851ರ ಮಹಾಪ್ರದರ್ಶನದ ಕಾಲದಲ್ಲಿ ಹಾಬ್ಸ್ ಎಂಬ ಅಮೆರಿಕದ ಬೀಗಗಾರನು ಬಂದು, ಹದಿನಾರು ದಿನಗಳ ಅವಧಿಯಲ್ಲಿ ಸುಮಾರು 51 ಗಂಟೆಗಳ ಕಾಲ ದುಡಿದು ಅದನ್ನು ತೆರೆದನು. ಈ ಸಂಗತಿಯನ್ನು ಕೇಳಿದವರು ಬೀಗದ ಜಾಣತನವೇ ಮನೆಯ ರಕ್ಷಣೆಯೆಂದು ತಿಳಿಯುತ್ತಾರೆ. ನಾವೂ ಹಾಗೆಯೇ ತಿಳಿದಿದ್ದೆವು. ಆದರೆ ನಮ್ಮ ಊರುಗಳಿಗೆ ಬರುವ ಕಳ್ಳನಿಗೆ 51 ಗಂಟೆಗಳ ಬಿಡುವೆಲ್ಲಿ? ಅವನು ಬೀಗದ ಕಡ್ಡಿಗಳನ್ನು ಎಣಿಸುತ್ತ ಕೂರುವುದಿಲ್ಲ. ಕದವನ್ನು ಒದೆಯುತ್ತಾನೆ, ಇಲ್ಲವೆ ಸಂದಿನಲ್ಲಿ ಹಾರೆಯನ್ನಿಟ್ಟು ಮೀಟುತ್ತಾನೆ. ಆ ಹೊತ್ತಿನಲ್ಲಿ ಪರೀಕ್ಷೆಗೆ ಒಳಗಾಗುವುದು ಬಾಗಿಲವಾಡದ ಮರ, ಅದರಲ್ಲಿ ಕೊರೆದ ಗುಳಿ, ಮತ್ತು ಅಲ್ಲಿಯ ತಿರುಪು ಮೊಳೆಗಳು.

ನಾವು ಫಾಲ್ಗುಣದಲ್ಲಿ ಮಾಡಿದ ಕೆಲಸವನ್ನು ಮರೆಮಾಚದೆ ಹೇಳುತ್ತೇವೆ. ಕದದಲ್ಲಿ ತೂತುಗಳನ್ನು ವಿದ್ಯುತ್ ಬೈರಿಗೆಯಿಂದ ಒಂದು ಗಂಟೆಯೊಳಗೆ ಕೊರೆದು, ಹಿಗ್ಗಿದೆವು. ಬಾಗಿಲವಾಡದಲ್ಲಿ ಗುಳಿ ಕೊರೆಯುವಾಗ ಮುಕ್ಕಾಲು ಅಂಗುಲದ ಆಳದಲ್ಲಿ ಹಳೆಯ ಕಬ್ಬಿಣದ ಮೊಳೆಯೊಂದು ಬೈರಿಗೆಗೆ ಎದುರಾಯಿತು. ಸಂಜೆಯಾಗಿತ್ತು, ಕಡೂರಿಗೆ ಹೋಗಿ ರೈಲು ಹಿಡಿಯಬೇಕಾಗಿತ್ತು. ಇಷ್ಟು ಸಾಕೆಂದು ನಿಲ್ಲಿಸಿದೆವು. ಗುಳಿಯ ಬಾಯಿಗೆ ಹಾಕುವ ತಗಡನ್ನು ಪೆಟ್ಟಿಗೆಯಲ್ಲಿ ಬಂದಿದ್ದ ಮುಕ್ಕಾಲಂಗುಲದ ಮೊಳೆಗಳಿಂದಲೇ ಬಿಗಿದೆವು. ಇನ್ನೊಂದು ಮಾತು. ಬೀಗಗಳಲ್ಲಿ ಎರಡು ಜಾತಿ: ಹೊರಗೆ ಬೀಗದ ಕೈ, ಒಳಗೆ ಬೆರಳಿನಿಂದ ತಿರುಗಿಸುವ ಕಿವಿ ಇರುವುದು ಒಂದು, ಒಳಗೂ ಹೊರಗೂ ಬೀಗದ ಕೈಯೇ ಬೇಕಾಗುವುದು ಇನ್ನೊಂದು. ಎರಡನೆಯದು ಹೆಚ್ಚು ಭದ್ರವೆಂದು ತಿಳಿದು ಅದನ್ನೇ ಕೊಂಡಿದ್ದೆವು. ಹಿತ್ತಿಲ ಬಾಗಿಲಿಗೆ ಹೊರಗಿನಿಂದ ಬೀಗ ಜಡಿದು, ಇನ್ನು ಭಯವಿಲ್ಲವೆಂದು ಅತ್ತೆಯವರಿಗೆ ಹೇಳಿ ಬಂದೆವು.

ಆಶ್ವಯುಜದಲ್ಲಿ ಮಳೆ ಹಿಡಿಯಿತು. ಒಂದು ಸಂಜೆ ಕದ ಬಾಗಿಲವಾಡದೊಳಗೆ ಕೂಡದೆ ನಿಂತಿತು. ಅತ್ತೆಯವರು ಅದನ್ನು ಭುಜದಿಂದ ಒತ್ತಿ, ಬೀಗದ ಕೈಯನ್ನು ಬಲವಾಗಿ ತಿರುಗಿಸಿದರು. ರಾತ್ರಿಯೆಲ್ಲ ಮಳೆ ಸುರಿಯಿತು. ಬೆಳಗ್ಗೆ ತೆರೆಯಹೋದರೆ ಬೀಗ ತಿರುಗಲೊಲ್ಲದು. ಎರಡು ಕೈಯಿಂದ ಹಿಡಿದು ತಿರುಗಿಸಿದಾಗ ಬೀಗದ ಕೈ ಬಾಗಿತು. ಹಾಲು ತರುವ ಹುಡುಗ ಬಂದು, ಒಳಗಿನ ಕೂಗನ್ನು ಕೇಳಿ, ನೆರೆಯವರನ್ನು ಕರೆತಂದನು. ಅವರು ಹಿತ್ತಿಲಿಗೆ ಹೋಗಿ ಅಲ್ಲಿಯ ಬೀಗವನ್ನು ಒಡೆದು ಬಾಗಿಲು ತೆರೆಯುವ ಹೊತ್ತಿಗೆ ಬಿಸಿಲೇರಿತ್ತು. ಸದ್ಯ, ಅದಕ್ಕಿಂತ ಹೆಚ್ಚಿನ ಕೇಡೇನೂ ಆಗಲಿಲ್ಲ.

ನಾವು ಓಡಿಹೋದಾಗ ಅತ್ತೆಯವರು ಕೋಪಿಸಿಕೊಳ್ಳಲಿಲ್ಲ. ಕಾಫಿ ಕೊಟ್ಟು ಕೂರಿಸಿ, ಮೆಲ್ಲಗೆ ಕೇಳಿದರು: “ಅಲ್ಲಪ್ಪಾ, ಬೀಗ ಮನೆಗೆ ಹಾಕಿದ್ಯೋ, ನನಗೆ ಹಾಕಿದ್ಯೋ?”

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮನೆಗೆ ಬೆಂಕಿ ಬಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದು ಮೈ ನಡುಗಿತು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಉಡುಪಿನ ಕಾರ್ಖಾನೆಯಲ್ಲಿ ಬೆಂಕಿ ಎದ್ದಾಗ 146 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಎಳೆಯ ಹೆಣ್ಣುಮಕ್ಕಳು. ಹೊರಹೋಗುವ ಬಾಗಿಲೊಂದಕ್ಕೆ ಬೀಗ ಹಾಕಿದ್ದುದು ಅಷ್ಟು ಸಾವಿಗೆ ಒಂದು ಮುಖ್ಯ ಕಾರಣವಾಯಿತು. ಹೊರಹೋಗುವ ಬಾಗಿಲನ್ನು ಒಳಗಿನವರು ಬೀಗದ ಕೈಯಿಲ್ಲದೆ ತೆರೆಯುವಂತಿರಬೇಕೆಂದು ಇಂದು ಅನೇಕ ದೇಶಗಳ ಕಟ್ಟಡದ ನಿಯಮಗಳು ವಿಧಿಸುತ್ತವೆ. ನಾವು ಓದಿದವರಾಗಿಯೂ, ಪ್ರೀತಿಯಿಂದಲೇ, ವೃದ್ಧೆಯೊಬ್ಬರನ್ನು ಅಂತಹ ಬಾಗಿಲಿನ ಹಿಂದೆ ಇರಿಸಿ ಬಂದಿದ್ದೆವು.

ಊರಿನಲ್ಲಿ ಮರಗೆಲಸದ ಹಿರಿಯ ಆಚಾರ್ರೊಬ್ಬರಿದ್ದರು. ಅವರನ್ನು ಕರೆದುಕೊಂಡು ಬಂದೆವು. ಅವರು ಬೀಗವನ್ನು ಮುಟ್ಟುವುದಕ್ಕೆ ಮೊದಲೇ ಒಂದು ಹಂಚಿಕಡ್ಡಿಯನ್ನು ಬಾಗಿಲವಾಡದ ಗುಳಿಗೆ ಇಳಿಸಿ, ಉಗುರಿನಿಂದ ಗುರುತಿಟ್ಟು ಹೊರತೆಗೆದರು. ಅನಂತರ ಕದವನ್ನು ತೆರೆದಿಟ್ಟುಕೊಂಡು ಬೀಗ ತಿರುಗಿಸಿ, ಪೂರ್ತಿ ಹೊರಚಾಚಿದ ನಾಲಗೆಯ ಪಕ್ಕದಲ್ಲಿ ಅದೇ ಕಡ್ಡಿಯನ್ನು ಹಿಡಿದರು. ನಾಲಗೆಯ ಉದ್ದ ಒಂದು ಅಂಗುಲ; ಗುಳಿಯ ಆಳ ಮುಕ್ಕಾಲು.

“ಸ್ವಾಮಿ, ಈ ಬೀಗ ಒಂದು ದಿನಾನೂ ಪೂರ್ತಿ ಬಿದ್ದಿಲ್ಲ,” ಎಂದರು.

ನಮಗೆ ಮೊದಲು ಅರ್ಥವಾಗಲಿಲ್ಲ. ಅವರು ಕದ ತೆರೆದೇ ಇರುವಾಗ ನಾಲಗೆಯನ್ನು ಮುಕ್ಕಾಲು ಭಾಗ ಹೊರತೆಗೆದು, ಹೆಬ್ಬೆರಳಿನಿಂದ ಒತ್ತಿದರು. ಅದು ಹಿಂದಕ್ಕೆ ಸರಿಯಿತು. ಪೂರ್ತಿ ಹೊರತೆಗೆದು ಒತ್ತಿದರು, ಕದಲಲಿಲ್ಲ. ಬೀಗದ ಅಗಳಿಯ ಗುಟ್ಟು ಇದೇ. ನಾಲಗೆ ತನ್ನ ಕೊನೆಯ ತುದಿಯವರೆಗೆ ಚಾಚಿದಾಗ ಮಾತ್ರ ಒಳಗಿನ ಯಂತ್ರ ಅದನ್ನು ಕಚ್ಚಿ ಹಿಡಿಯುತ್ತದೆ. ಅದಕ್ಕೆ ಮೊದಲು ಅದು ಬರಿಯ ಲೋಹದ ತುಂಡು. ಗುಳಿಯ ಆಳ ಕಡಮೆಯಾದುದರಿಂದ ಎಂಟು ತಿಂಗಳಲ್ಲಿ ಒಂದು ರಾತ್ರಿಯೂ ಆ ಹಿಡಿತ ಬಿದ್ದಿರಲಿಲ್ಲ. ಮಳೆಗಾಲದಲ್ಲಿ ಕದ ಅಗಲಕ್ಕೆ ಊದಿ ಬಾಗಿಲವಾಡದ ಹತ್ತಿರಕ್ಕೆ ಬಂದಾಗ ನಾಲಗೆಯ ತುದಿ ಗುಳಿಯ ತಳಕ್ಕೆ ಒತ್ತಿ ನಿಂತಿತು, ಪಕ್ಕವು ಗುಳಿಯ ಅಂಚಿಗೆ ಕಚ್ಚಿಕೊಂಡಿತು. ಹೊರಗಿನವನಿಗೆ ಅದು ಅರೆಬೀಗ; ಒಳಗಿನವರಿಗೆ ಪೂರ್ತಿ ಸೆರೆ.

ಇನ್ನು, ಆ ಆಚಾರ್ರ ಜೊತೆಯಲ್ಲಿ ಎರಡನೆಯ ಸಲ ಮಾಡಿದ ಕೆಲಸದ ಕ್ರಮವನ್ನು ಹೇಳುತ್ತೇವೆ. ತಾವೇ ಕೈಹಾಕಿದರೂ, ಬಡಗಿಯಿಂದ ಮಾಡಿಸಿದರೂ, ಈ ಕ್ರಮ ತಿಳಿದಿದ್ದರೆ ಎಲ್ಲಿ ತಪ್ಪುತ್ತದೆಂಬುದನ್ನು ಕಣ್ಣಿಟ್ಟು ನೋಡಬಹುದು.

ಮೊದಲನೆಯದಾಗಿ ಕದವನ್ನೇ ಪರೀಕ್ಷಿಸಬೇಕು. ಅದು ಜೋತುಬಿದ್ದಿದ್ದರೆ ಕೀಲುಗಳ ತಿರುಪುಗಳನ್ನು ಬಿಗಿಮಾಡಬೇಕು. ಜೋತುಬಿದ್ದ ಕದಕ್ಕೆ ಕೂಡಿಸಿದ ಬೀಗ ದಿನದಿನಕ್ಕೆ ಕೆಳಗಿಳಿಯುತ್ತದೆ. ಕದಕ್ಕೂ ಬಾಗಿಲವಾಡಕ್ಕೂ ನಡುವೆ ಬೇಸಗೆಯಲ್ಲಿ ಸುಮಾರು 3 ಮಿಲಿಮೀಟರು ಸಂದಿರಬೇಕು. ಮರವು ತೇವವನ್ನು ಹೀರಿದಾಗ ಉದ್ದಕ್ಕೆ ಬೆಳೆಯುವುದು ಗಣನೆಗೆ ಬಾರದಷ್ಟು ಕಡಮೆ. ಅಗಲಕ್ಕೆ ಬೆಳೆಯುವುದು ಹೆಚ್ಚು. ತೇಗವು ಅಷ್ಟಾಗಿ ಊದದ ಮರವೆಂದು ಹೆಸರು ಪಡೆದಿದೆ. ಆದರೂ ಮೂರಡಿ ಅಗಲದ ಹಲಗೆಯ ಕದವು ಒಣಕಾಲಕ್ಕೂ ಮಳೆಗಾಲಕ್ಕೂ ಕೆಲವು ಮಿಲಿಮೀಟರುಗಳಷ್ಟು ಹಿಗ್ಗಿ ಕುಗ್ಗುವುದುಂಟು. ಮಳೆಗಾಲದಲ್ಲಿ ಕದ ಹಿಡಿಯಿತೆಂದು ಒಡನೆಯೇ ಉಜ್ಜುಗೊರಡನ್ನು ಕೈಗೆ ತೆಗೆದುಕೊಳ್ಳಲಾಗದು. ಆಗ ಹೆಚ್ಚಾಗಿ ಕೆತ್ತಿದರೆ ಚೈತ್ರದಲ್ಲಿ ಬೆರಳು ತೂರುವ ಸಂದಾಗುತ್ತದೆ. ಆ ಸಂದೇ ಹಾರೆಗೆ ದಾರಿ. ಆಚಾರ್ರು ನಮ್ಮ ಕದದ ಅಂಚನ್ನು ಒಂದೆರಡು ಸಲ ಮಾತ್ರ ಸವರಿ, ಉಳಿದುದನ್ನು ಬಿಸಿಲಿಗೆ ಬಿಟ್ಟರು.

ಎರಡನೆಯದು, ಬೀಗದ ಸ್ಥಾನ. ನೆಲದಿಂದ ಮೂರೂವರೆ ಅಡಿಯ ಆಸುಪಾಸಿನಲ್ಲಿದ್ದರೆ ಕೈಗೆ ಅನುಕೂಲ. ಚೌಕಟ್ಟಿನ ಕದವಾದರೆ ಒಂದು ಎಚ್ಚರಿಕೆ ಬೇಕು. ನಡುವಿನ ಅಡ್ಡಪಟ್ಟಿಯ ನಾಲಗೆ ನಿಲುವುಪಟ್ಟಿಯ ತೂತಿನಲ್ಲಿ ಕೂಡಿರುವ ಸಂದನ್ನು ತಪ್ಪಿಸಿ ಬೀಗವನ್ನಿಡಬೇಕು. ಅಲ್ಲಿ ಕೊರೆದರೆ ಕದವನ್ನು ಹಿಡಿದಿರುವ ಕೂಟವನ್ನೇ ಕಡಿದಂತಾಗುತ್ತದೆ. ಕದದ ದಪ್ಪವನ್ನೂ ಅಳೆಯಬೇಕು. ಸಾಮಾನ್ಯವಾಗಿ ಈ ಬೀಗಗಳು 35ರಿಂದ 45 ಮಿಲಿಮೀಟರು ದಪ್ಪದ ಕದಗಳಿಗೆ ಹೊಂದುತ್ತವೆ. ಹಳೆಯ ಕದ ಅದಕ್ಕಿಂತ ದಪ್ಪವಾಗಿದ್ದರೆ ಉದ್ದ ತಿರುಪುಗಳಿರುವ ಬೀಗವನ್ನು ಕೇಳಿ ತರಬೇಕು.

ಮೂರನೆಯದು, ತೂತು ಕೊರೆಯುವುದು. ಕದದ ಮುಖದಲ್ಲಿ ಬೀಗದ ಮೈ ಕೂರುವುದಕ್ಕೆ ಸುಮಾರು 54 ಮಿಲಿಮೀಟರು ಅಡ್ಡಳತೆಯ ದೊಡ್ಡ ತೂತು. ಕದದ ಅಂಚಿನಿಂದ ಅದರೊಳಕ್ಕೆ ನಾಲಗೆ ಹಾಯುವುದಕ್ಕೆ ಸುಮಾರು 25 ಮಿಲಿಮೀಟರಿನ ಸಣ್ಣ ತೂತು. ದೊಡ್ಡ ತೂತಿನ ನಡುಬಿಂದು ಅಂಚಿನಿಂದ 60 ಅಥವಾ 70 ಮಿಲಿಮೀಟರು ದೂರದಲ್ಲಿರಬೇಕು. ಯಾವುದೆಂಬುದನ್ನು ಬೀಗದ ಜೊತೆಯಲ್ಲಿ ಬರುವ ಕಾಗದದ ಅಚ್ಚು ತೋರಿಸುತ್ತದೆ. ದೊಡ್ಡ ತೂತನ್ನು ಬಟ್ಟಲಿನಾಕಾರದ ಗರಗಸದಿಂದ ಕೊರೆಯುತ್ತಾರೆ. ಅದನ್ನು ಒಂದೇ ಪಕ್ಕದಿಂದ ಕೊನೆಯವರೆಗೆ ಕೊರೆದರೆ ಆಚೆಯ ಮುಖದ ಮರ ಸಿಬಿರೆದ್ದು ಕಿತ್ತುಬರುತ್ತದೆ. ನಮ್ಮ ಮೊದಲ ಕೆಲಸದಲ್ಲಿ ಬಂದಿತ್ತು. ನಡುವಿನ ಮೊನೆ ಆಚೆಗೆ ತಲೆ ತೋರಿದ ಕೂಡಲೆ ನಿಲ್ಲಿಸಿ, ಆಚೆಯ ಪಕ್ಕಕ್ಕೆ ಹೋಗಿ, ಅದೇ ಸಣ್ಣ ತೂತನ್ನು ಗುರಿಯಾಗಿಟ್ಟುಕೊಂಡು ಉಳಿದುದನ್ನು ಕೊರೆಯಬೇಕು. ಅಂಚಿನ ತೂತನ್ನು ಕೊರೆಯುವಾಗ ಬೈರಿಗೆ ಓರೆಯಾಗದಂತೆ ಮತ್ತೊಬ್ಬರು ಮೂಲೆಮಟ್ಟ ಹಿಡಿದು ನೋಡುತ್ತಿರಬೇಕು. ಅಂಚಿನ ತಗಡು ಮರದ ಮಟ್ಟಕ್ಕೆ ಕೂರುವಂತೆ ಉಳಿ ಕೊಡತಿಗಳಿಂದ ತೆಳುವಾಗಿ ಕೆತ್ತಬೇಕು. ಉಳಿಯ ಓರೆಮುಖವನ್ನು ಒಳಗಡೆಗೆ ತಿರುಗಿಸಿಟ್ಟು ಮೊದಲು ಸುತ್ತಲಿನ ಗೆರೆಯನ್ನು ಕತ್ತರಿಸಿಕೊಂಡರೆ ಮರ ಗೆರೆ ಮೀರಿ ಸೀಳುವುದಿಲ್ಲ.

ಒಂದು ಸಣ್ಣ ಕೆಲಸವನ್ನು ಬಹಳ ಮಂದಿ ಮರೆಯುತ್ತಾರೆ. ಹೊಸದಾಗಿ ಕೊರೆದ ತೂತುಗಳ ಒಳಮೈ ಹಸಿಗಾಯವಿದ್ದಂತೆ. ಹೊರಮೈಗೆ ಎಷ್ಟು ಬಣ್ಣವಿದ್ದರೂ ತೇವವು ಅಲ್ಲಿಂದ ಒಳಸೇರುತ್ತದೆ. ಆಚಾರ್ರು ಬೀಗ ಕೂಡಿಸುವುದಕ್ಕೆ ಮೊದಲು ಆ ಒಳಮೈಗೂ, ಕದದ ಮೇಲಂಚು ಕೆಳಅಂಚುಗಳಿಗೂ ವಾರ್ನಿಷನ್ನು ಎರಡು ಸಲ ಬಳಿದು ಆರಗೊಟ್ಟರು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಬಾಗಿಲವಾಡದ ಗುಳಿ. ಗುಳಿ ಎಲ್ಲಿ ಬರಬೇಕೆಂದು ಊಹಿಸಿ ಕೊರೆಯಬಾರದು. ಅತ್ತೆಯವರ ಕುಂಕುಮದ ಭರಣಿಯಿಂದ ಚಿಟಿಕೆ ಕುಂಕುಮವನ್ನು ತಂದು, ಎಣ್ಣೆಯಲ್ಲಿ ಕಲಸಿ, ಆಚಾರ್ರು ನಾಲಗೆಯ ತುದಿಗೆ ಹಚ್ಚಿದರು. ಕದ ಮುಚ್ಚಿ ನಾಲಗೆಯನ್ನು ಒಮ್ಮೆ ಚಾಚಿಸಿದರೆ ಬಾಗಿಲವಾಡದ ಮೇಲೆ ಅದರ ಗುರುತು ತಾನೇ ಬೀಳುತ್ತದೆ. ನಮ್ಮ ಹಳೆಯ ಗುಳಿ ಆ ಗುರುತಿಗಿಂತ ಒಂದು ನೂಲು ಮೇಲಿತ್ತು. ಅದನ್ನು ಸರಿಪಡಿಸಿ, ಹಳೆಯ ಮೊಳೆಯನ್ನು ಕಿತ್ತು, ಗುಳಿಯನ್ನು 1¼ ಅಂಗುಲದವರೆಗೆ ಆಳಮಾಡಿದೆವು. ನಾಲಗೆ ಒಂದು ಅಂಗುಲವಾದರೆ ಗುಳಿ ಅದಕ್ಕಿಂತ ಆಳವಾಗಿಯೇ ಇರಬೇಕು. ಮಳೆಗಾಲದ ಊತಕ್ಕೂ ವರ್ಷಗಟ್ಟಲೆ ಬಿದ್ದು ಸೇರುವ ಧೂಳಿಗೂ ಜಾಗ ಬೇಕು.

ಗುಳಿಯ ಬಾಯಿಗೆ ಉಕ್ಕಿನ ತಗಡನ್ನು ಬಿಗಿಯುವಾಗ ಪೆಟ್ಟಿಗೆಯ ಮೊಳೆಗಳನ್ನು ಪಕ್ಕಕ್ಕಿಟ್ಟು 3 ಅಂಗುಲದ ತಿರುಪು ಮೊಳೆಗಳನ್ನು ಹಾಕಿದೆವು. ಇದಕ್ಕೆ ಕಾರಣವುಂಟು. ಮರವು ತನ್ನ ಎಳೆಯ ಉದ್ದಕ್ಕೆ ಸುಲಭವಾಗಿ ಸೀಳುತ್ತದೆ. ಸೌದೆ ಒಡೆದವರೆಲ್ಲರೂ ಇದನ್ನು ಬಲ್ಲರು. ಮುಕ್ಕಾಲಂಗುಲದ ಮೊಳೆ ಬಾಗಿಲವಾಡದ ಮೇಲ್ಪದರವನ್ನು ಮಾತ್ರ ಹಿಡಿದಿರುತ್ತದೆ. ಒಂದು ಬಲವಾದ ಒದೆತಕ್ಕೆ ಆ ಪದರ ಸಿಗುರಾಗಿ ಹಾರಿಹೋಗುತ್ತದೆ, ಬೀಗ ಮಾತ್ರ ಕದದಲ್ಲಿ ಚೆನ್ನಾಗಿಯೇ ಉಳಿಯುತ್ತದೆ. ಉದ್ದವಾದ ಮೊಳೆ ಬಾಗಿಲವಾಡದ ಗಟ್ಟಿಯಾದ ಒಡಲನ್ನು ಹಿಡಿಯುತ್ತದೆ. ತೇಗದಂತಹ ಮರಕ್ಕೆ ಮೊದಲು ಸಣ್ಣ ಬೈರಿಗೆಯಿಂದ ದಾರಿ ಮಾಡಿ, ಮೊಳೆಗೆ ಸಾಬೂನನ್ನೋ ಮೇಣವನ್ನೋ ಸವರಿ ತಿರುಗಿಸಬೇಕು. ಇಲ್ಲದಿದ್ದರೆ ಮೊಳೆಯ ತಲೆ ಮುರಿಯುತ್ತದೆ ಅಥವಾ ಮರ ಬಿರಿಯುತ್ತದೆ.

ಬಾಗಿಲವಾಡವೇ ಗೋಡೆಯಲ್ಲಿ ಅಲುಗಾಡುತ್ತಿದ್ದರೆ ಈ ಮೊಳೆಗಳಿಂದ ಪ್ರಯೋಜನವಿಲ್ಲ. ಕೊಡತಿಯಿಂದ ಅಲ್ಲಲ್ಲಿ ತಟ್ಟಿ ನೋಡಬೇಕು. ಪೊಳ್ಳು ದನಿ ಬಂದರೆ ಒಳಗೆ ಗೆದ್ದಲು ತಿಂದಿದೆಯೆಂದು ತಿಳಿದು ಆ ಮರವನ್ನು ಮೊದಲು ಬದಲಾಯಿಸಬೇಕು. ಮಣ್ಣುಗಾರೆಯ ಹಳೆಯ ಗೋಡೆಗಳಲ್ಲಿ ಬಾಗಿಲವಾಡದ ಸುತ್ತ ಸಂದು ಬಿಟ್ಟಿರುವುದು ಸಾಮಾನ್ಯ. ಅಂತಹ ಕಡೆ ಕಬ್ಬಿಣದ ಪಟ್ಟಿಗಳಿಂದ ಅದನ್ನು ಗೋಡೆಗೆ ಹಿಡಿಸಿ ಗಾರೆ ತುಂಬಬೇಕು. ಅಗಳಿಯನ್ನು ಕಲ್ಪಿಸಿದ ಹಿರಿಯರು ಪೆಟ್ಟನ್ನು ಗೋಡೆಗೆ ಸಾಗಿಸಿದರೆಂದು ಮೊದಲೇ ಹೇಳಿದೆವು. ಬೀಗದ ಅಗಳಿಗೂ ಆ ದಾರಿಯನ್ನು ನಾವು ಮಾಡಿಕೊಡಬೇಕು: ನಾಲಗೆಯಿಂದ ತಗಡಿಗೆ, ತಗಡಿನಿಂದ ಬಾಗಿಲವಾಡಕ್ಕೆ, ಬಾಗಿಲವಾಡದಿಂದ ಗೋಡೆಗೆ. ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೂ ಎಷ್ಟು ಬೆಲೆಯ ಬೀಗವಾದರೂ ವ್ಯರ್ಥ.

ಜೋಡಿ ಕದದ ಬಾಗಿಲುಳ್ಳವರಿಗೆ ಇನ್ನೊಂದು ಮಾತು. ಅಲ್ಲಿ ನಾಲಗೆ ಹೋಗಿ ಸೇರುವುದು ಎರಡನೆಯ ಕದಕ್ಕೆ. ಆ ಕದವನ್ನು ಮೇಲೆ ತೊಲೆಗೂ ಕೆಳಗೆ ಹೊಸ್ತಿಲಿಗೂ ಚಿಲಕಗಳಿಂದ ಭದ್ರಪಡಿಸದಿದ್ದರೆ ಎರಡು ಕದಗಳೂ ಕೂಡಿಕೊಂಡೇ ತೆರೆದುಕೊಳ್ಳುತ್ತವೆ. ಬಾಗಿಲವಾಡದೊಳಗೆ ಕೂರದೆ ಅದರ ಹಿಂದೆ ಒರಗಿ ನಿಲ್ಲುವ ಹಳೆಯ ಮಾದರಿಯ ಕದಗಳಿಗೆ ಈ ಬೀಗ ಹೊಂದುವುದಿಲ್ಲ. ಕದದ ಒಳಮೈ ಮೇಲೆ ಕೂಡಿಸುವ ಬೀಗವನ್ನೇ ಅಲ್ಲಿ ಹಾಕಬೇಕು.

ಐದನೆಯದು ಒಳಗಿನ ಕಿವಿ. ಎರಡು ಕಡೆಯೂ ಕೈ ಬೇಡುವ ಆ ಬೀಗವನ್ನು ತೆಗೆದುಹಾಕಿ, ಒಳಗೆ ಬೆರಳಿನಿಂದ ತಿರುಗಿಸುವ ಕಿವಿಯುಳ್ಳದ್ದನ್ನು ತಂದೆವು. ಬಾಗಿಲ ಪಕ್ಕದ ಕಿಟಕಿಯಿಂದ ಕಳ್ಳನು ಕೈ ತೂರಿಸಿ ಆ ಕಿವಿಯನ್ನು ತಿರುಗಿಸಿಯಾನೆಂದು ಕೆಲವರು ಆಕ್ಷೇಪಿಸುವುದುಂಟು. ಆ ಆಕ್ಷೇಪಣೆಯಲ್ಲಿ ಸತ್ಯವಿದೆ. ಹಾಗಿದ್ದರೆ ಕಿಟಕಿಗೆ ಸರಳನ್ನೋ ಜಾಲರಿಯನ್ನೋ ಹಾಕಿಸಬೇಕು. ಕಿಟಕಿಯ ದೋಷಕ್ಕಾಗಿ ಒಳಗಿರುವ ಮನುಷ್ಯರನ್ನು ಸೆರೆಯಲ್ಲಿಡುವುದು ನ್ಯಾಯವಲ್ಲ. ಹಿತ್ತಿಲ ಬಾಗಿಲಿನ ಹೊರಬೀಗವನ್ನೂ ತೆಗೆಸಿ ಒಳಗೇ ಎರಡು ಚಿಲಕ ಹಾಕಿಸಿದೆವು. ಬೀದಿಬಾಗಿಲಿನ ಇನ್ನೊಂದು ಕೈಯನ್ನು ನಂಬಿಕೆಯ ನೆರೆಯವರಲ್ಲಿ ಇರಿಸಿದೆವು.

ಕೊನೆಗೆ, ಆರೈಕೆಯ ಮಾತು. ಬೀಗ ಬಿಗಿಯಾಯಿತೆಂದು ಕೊಬ್ಬರಿ ಎಣ್ಣೆಯನ್ನು ಸುರಿಯುವುದು ನಮ್ಮ ರೂಢಿ. ಎಣ್ಣೆಗೆ ಧೂಳು ಅಂಟಿ, ಒಳಗಿನ ಸಣ್ಣ ಕಡ್ಡಿಗಳು ಸಿಕ್ಕಿಕೊಳ್ಳುತ್ತವೆ. ಯಗಟಿಯಂತಹ ಧೂಳಿನ ಸೀಮೆಯಲ್ಲಿ ಇದು ಬೇಗನೆ ಆಗುತ್ತದೆ. ಪೆನ್ಸಿಲಿನ ಸೀಸವನ್ನು ನುಣ್ಣಗೆ ಪುಡಿಮಾಡಿ ಬೀಗದ ಕೈಗೆ ಸವರಿ ನಾಲ್ಕಾರು ಸಲ ಒಳಹೊರಗೆ ಆಡಿಸಿದರೆ ಸಾಕು.

ಕೆಲಸ ಮುಗಿದಾಗ ಹೊತ್ತು ಮುಳುಗಿತ್ತು. ಆಚಾರ್ರು ದೀಪವನ್ನು ಆರಿಸಲು ಹೇಳಿ, “ಅಮ್ಮಾ, ಈಗ ತೆಗೀರಿ ನೋಡೋಣ,” ಎಂದರು. ಅತ್ತೆಯವರು ಕತ್ತಲಲ್ಲಿ ಕದವನ್ನು ತಡವಿ, ಎಡಗೈಯ ಎರಡು ಬೆರಳಿನಿಂದ ಕಿವಿಯನ್ನು ತಿರುಗಿಸಿ, ಬಾಗಿಲು ತೆರೆದು ಜಗಲಿಗೆ ಬಂದರು. ಮತ್ತೆ ಒಳಗೆ ಹೋಗಿ ಮುಚ್ಚಿದರು, ಮತ್ತೆ ತೆರೆದರು. ಮೂರನೆಯ ಸಲ ತೆರೆದು, “ಈಗ ಇದು ನನ್ನ ಮಾತು ಕೇಳುತ್ತೆ ಕಣಪ್ಪಾ,” ಎಂದರು.

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲುಂಟು. ನಮಗೆ ಕೊಳ್ಳೆ ಹೋಗುವುದಕ್ಕೆ ಮೊದಲೇ ಬುದ್ಧಿ ಬಂದುದು ಒಂದು ಭಾಗ್ಯ. ಮುಂದಿನ ಸಲ ತಾವು ಊರಿಗೆ ಹೋದಾಗ ಒಂದು ಪರೀಕ್ಷೆಯನ್ನು ತಪ್ಪದೆ ಮಾಡಿರಿ. ಕದ ತೆರೆದಿರುವಾಗ ಬೀಗವನ್ನು ಒಮ್ಮೆ ತಿರುಗಿಸಿ, ಕೈ ಎಲ್ಲಿಗೆ ಬಂದು ನಿಲ್ಲುತ್ತದೆಂದು ನೋಡಿಕೊಳ್ಳಿರಿ. ಕದ ಮುಚ್ಚಿ ಇನ್ನೊಮ್ಮೆ ತಿರುಗಿಸಿರಿ. ಎರಡು ಸಲವೂ ಕೈ ಒಂದೇ ಕಡೆಗೆ ಬಂದು ನಿಂತರೆ ಬೀಗ ಪೂರ್ತಿ ಬಿದ್ದಿದೆ. ಎರಡನೆಯ ಸಲ ಅದು ಮೊದಲೇ ನಿಂತರೆ, ತಮ್ಮ ಮನೆಯವರೂ ಅರೆಬೀಗದ ಹಿಂದೆ ಮಲಗುತ್ತಿದ್ದಾರೆಂದು ತಿಳಿದು, ಅಂದೇ ಬಡಗಿಯನ್ನು ಕರೆಸಿರಿ. ಈ ಪರೀಕ್ಷೆಯನ್ನು ಬೇಸಗೆಯಲ್ಲಿ ಒಂದು ಸಲ, ಮಳೆ ಹಿಡಿದಾಗ ಒಂದು ಸಲ ಮಾಡತಕ್ಕದ್ದು. ಎರಡು ನಿಮಿಷದ ಕೆಲಸ.